ಬೆಟ್ಟಕ್ಕೆ ಬಡಿದ ವಿಮಾನವನ್ನು ನಾನು ಓದುವ ಬಗೆ

ತನಿಖೆಗಾಗಿ ಅಪಘಾತದ ಸ್ಥಳ ತಲುಪಿದ ಕೂಡಲೇ ನಾನು ಅವಶೇಷಗಳ ರಾಶಿಗೆ ಕೈಹಾಕುವುದಿಲ್ಲ. ವಿಮಾನ ಬಂದ ದಿಕ್ಕಿಗೆ ಹಿಂದೆ ನಡೆದು, ರೆಕ್ಕೆ ಮೊದಲು ತಗುಲಿದ ಮರವನ್ನು ಹುಡುಕುತ್ತೇನೆ. ಅಲ್ಲಿಂದ ಮುಂದಕ್ಕೆ ಯಾವ ಮರ ಎಷ್ಟು ಎತ್ತರದಲ್ಲಿ ತುಂಡಾಗಿದೆ ಎಂದು ಅಳೆದರೆ, ವಿಮಾನ ನೇರವಾಗಿತ್ತೋ, ವಾಲಿತ್ತೋ, ಎಷ್ಟು ಕಡಿದಾಗಿ ಇಳಿಯುತ್ತಿತ್ತೋ ತಿಳಿಯುತ್ತದೆ.

ಆಮೇಲೆ ಪ್ರೊಪೆಲ್ಲರ್. ಅಲಗುಗಳು ತಿರುಚಿಕೊಂಡು, ಅಡ್ಡಕ್ಕೆ ಗೀರು ಬಿದ್ದಿದ್ದರೆ ಎಂಜಿನ್ ಶಕ್ತಿ ಕೊಡುತ್ತಿತ್ತು ಎಂಬುದಕ್ಕೆ ಅದು ಬಲವಾದ ಸುಳಿವು. ಹಳೆಯ ಮಾದರಿಯ ಎಚ್ಚರಿಕೆ ದೀಪಗಳಿದ್ದರೆ ಒಂದೊಂದು ಬಲ್ಬನ್ನೂ ಹತ್ತಿಯಲ್ಲಿ ಸುತ್ತಿ ತರುತ್ತೇನೆ. ಉರಿಯುತ್ತಿದ್ದ ಬಲ್ಬಿನ ತಂತಿ ಮೆತ್ತಗಿರುವುದರಿಂದ ಬಡಿತಕ್ಕೆ ಉದ್ದಕ್ಕೆ ಹಿಗ್ಗುತ್ತದೆ. ಆರಿದ್ದರೆ ಪಟ್ಟನೆ ಮುರಿಯುತ್ತದೆ. ಸೂಕ್ಷ್ಮದರ್ಶಕದಡಿ ಆ ಕೂದಲೆಳೆಯಷ್ಟು ತಂತಿಯನ್ನು ನೋಡುವಾಗ ನನಗೆ ಬೇರೇನೂ ಕೇಳಿಸುವುದಿಲ್ಲ. ಧ್ವನಿಮುದ್ರಕವೇ ಇಲ್ಲದ ಪುಟ್ಟ ವಿಮಾನಗಳಲ್ಲಿ ಸಾಕ್ಷಿ ಹೇಳಲು ಉಳಿಯುವುದು ಇಂಥವೇ.

ಮೋಡ ಕವಿದ ಬೆಟ್ಟಗಳಲ್ಲಿ ಇವೆಲ್ಲ ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಯಂತ್ರ ಸರಿಯಾಗಿತ್ತು, ವಿಮಾನ ಪೈಲಟ್‌ನ ಹತೋಟಿಯಲ್ಲೇ ಇತ್ತು, ಎದುರಿನ ಬೆಟ್ಟ ಮಾತ್ರ ಕಾಣಲಿಲ್ಲ. ಅದಕ್ಕೇ 'ಕೆಟ್ಟ ಹವಾಮಾನವೇ ಕಾರಣ' ಎಂಬ ಒಂದು ಸಾಲಿಗೆ ನಾನು ಒಪ್ಪುವುದಿಲ್ಲ. 2022ರ ಮೇ 29ರಂದು ನೇಪಾಳದ ಪೊಖರಾದಿಂದ ಜೋಮ್‌ಸೋಮ್‌ಗೆ ಹೊರಟ ಟ್ವಿನ್ ಆಟರ್ ಎಂಬ ಎರಡು ಎಂಜಿನ್‌ಗಳ ಪುಟ್ಟ ವಿಮಾನ ಬೆಟ್ಟಕ್ಕೆ ಬಡಿದು 22 ಜನ ಸತ್ತರು. ಮೋಡದೊಳಗೆ ಸರಿಯಾದ ದಾರಿಯ ಮೇಲೆ ಗಮನವಿಡದಿದ್ದುದು ಮತ್ತು ಭೂಮಿ ಹತ್ತಿರವಾದಾಗ ಕೂಗಿ ಎಚ್ಚರಿಸುವ ಸಾಧನವನ್ನು ನಿಷ್ಕ್ರಿಯಗೊಳಿಸಿದ್ದುದು ತನಿಖಾ ವರದಿಯಲ್ಲಿ ದಾಖಲಾಗಿದೆ. ಕಣಿವೆಯಲ್ಲಿ ಹಾರುವಾಗ ಅದು ಪದೇ ಪದೇ ಕೂಗುತ್ತದೆ, ನಿಜ. ಆದರೆ ಕಣ್ಣು ಕೈಕೊಟ್ಟ ಗಳಿಗೆಯಲ್ಲಿ ಉಳಿಯುವ ಆಸರೆಯೂ ಅದೇ.

ಹೀಗಾಗಿ ಪ್ರತಿ ತನಿಖೆಯಲ್ಲೂ ನಕ್ಷೆಯ ಮೇಲೆ ಒಂದು ಬಿಂದುವನ್ನು ಗುರುತಿಸುತ್ತೇನೆ: ಎಲ್ಲಿಯವರೆಗೆ ಹಿಂದಿರುಗಲು ಸಾಧ್ಯವಿತ್ತು? 120 ನಾಟ್ (ಗಂಟೆಗೆ ಸುಮಾರು 222 ಕಿಲೋಮೀಟರ್) ವೇಗದಲ್ಲಿ 30 ಡಿಗ್ರಿ ವಾಲಿಸಿ ಪೂರ್ತಿ ಹಿಂದಕ್ಕೆ ತಿರುಗಲು, ಗಾಳಿ ಬೀಸದಿದ್ದರೂ, ಸುಮಾರು 1.35 ಕಿಲೋಮೀಟರ್ ಅಗಲ ಬೇಕು. ವೇಗ 90 ನಾಟ್‌ಗೆ ಇಳಿದರೆ ಮುಕ್ಕಾಲು ಕಿಲೋಮೀಟರ್ ಸಾಕು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ವೇಗಮಾಪಕ ಅಷ್ಟೇ ತೋರಿಸಿದರೂ ನಿಜವಾದ ವೇಗ ಏರಿರುತ್ತದೆ, ತಿರುವೂ ಹಿಗ್ಗುತ್ತದೆ. ಕಣಿವೆ ಅದಕ್ಕಿಂತ ಕಿರಿದಾಗುವ ಜಾಗದಲ್ಲಿ ಕೆಂಪು ಗೆರೆ ಎಳೆಯುತ್ತೇನೆ.

ಮುಂದಿನ ನನ್ನ ಪ್ರಶ್ನೆಗಳೆಲ್ಲ ಆ ಗೆರೆಗಿಂತ ಹಿಂದಿನವು. ಕಣಿವೆಯ ಬಾಯಿಯಲ್ಲಿ ಮೋಡವಿದೆ ಎಂದು ಯಾರಾದರೂ ತಿಳಿಸಿದ್ದರೇ, ಎಷ್ಟು ಗಂಟೆಗೆ? ತಡವಾಗಿದೆ, ಹೊರಡಿ ಎಂದು ಅವಸರಪಡಿಸಿದವರು ಯಾರು? ಹಿಂದೆ ಅರ್ಧ ದಾರಿಯಿಂದ ಮರಳಿ ಬಂದ ಪೈಲಟ್‌ಗಳನ್ನು ಸಂಸ್ಥೆ ಹೇಗೆ ನಡೆಸಿಕೊಂಡಿತ್ತು? ಈ ಕೊನೆಯ ಪ್ರಶ್ನೆಯನ್ನು ಮೇಲಧಿಕಾರಿಗಳಿಗಲ್ಲ, ಪೈಲಟ್‌ಗಳಿಗೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತೇನೆ.