ಬಾಡಿಗೆ ಗಾಡಿ ಹತ್ತೋ ಮುಂಚೆ ನಂಬರ್ ಪ್ಲೇಟ್ ಬಣ್ಣ ನೋಡ್ಕೊಳಿ

ಎಲ್ರಿಗೂ ನಮಸ್ಕಾರ, ಧರ್ಮಸ್ಥಳ ಕುಕ್ಕೆ ಕಡೆ ಹೋಗೋಕೆ ಗಾಡಿ ಬುಕ್ ಮಾಡೋರು ದಯವಿಟ್ಟು ಮೊದ್ಲು ಬೋರ್ಡ್ ನೋಡಿ. ಬಿಳಿ ಪ್ಲೇಟಲ್ಲಿ ಕಪ್ಪು ಅಕ್ಷರ ಅಂದ್ರೆ ಸ್ವಂತ ಬಳಕೆ ಗಾಡಿ, ಬಾಡಿಗೆಗೆ ಓಡಿಸೋ ಹಾಗಿಲ್ಲ. ಐನೂರು ಸಾವಿರ ಉಳಿಯತ್ತೆ ಅಂತ ವೈಟ್ ಬೋರ್ಡ್ ತಗೊಂಡು ದಾರೀಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವ್ರು ಕ್ಲೈಮ್ ಕೊಡಲ್ಲ ಅಂದ್ಬಿಡ್ಬೋದು, ಆರ್‌ಟಿಓದವ್ರು ಹಿಡಿದು ಗಾಡಿ ಸೀಜ್ ಮಾಡಿದ್ರಂತೂ ಮಕ್ಳು, ವಯಸ್ಸಾದೋರನ್ನ ಕರ್ಕೊಂಡು ರೋಡಲ್ಲೇ ನಿಲ್ಬೇಕು.

ಡ್ರೈವರ್ ಸಮೇತ ಆದ್ರೆ ಹಳದಿ ಪ್ಲೇಟ್ ಕಪ್ಪು ಅಕ್ಷರ ಇರ್ಬೇಕು, ನಾವೇ ಓಡಿಸೋ ಸೆಲ್ಫ್ ಡ್ರೈವ್ ಆದ್ರೆ ಕಪ್ಪು ಪ್ಲೇಟ್ ಹಳದಿ ಅಕ್ಷರ. ಹಸಿರು ಅಂದ್ರೆ ಎಲೆಕ್ಟ್ರಿಕ್ ಅಂತ ಎಲ್ರಿಗೂ ಗೊತ್ತು, ಆದ್ರೆ ಅದ್ರಲ್ಲೂ ಬಿಳಿ ಅಕ್ಷರ ಇದ್ರೆ ಸ್ವಂತದ್ದು, ಹಳದಿ ಅಕ್ಷರ ಇದ್ರೆ ಬಾಡಿಗೇದು, ಇದನ್ನ ತುಂಬಾ ಜನ ಗಮನಿಸಲ್ಲ.

ಹಳದಿ ಪ್ಲೇಟಲ್ಲಿ ಕೆಂಪು ಅಕ್ಷರ ಕಂಡ್ರೆ ಅದು ಹೊಸ ಗಾಡಿಯ ಟೆಂಪರರಿ ನಂಬರ್, ಟ್ಯಾಕ್ಸಿ ಅಂದ್ಕೋಬೇಡಿ. ಇನ್ನು ಬಿಎಚ್ ಸೀರೀಸ್, ಅಂದ್ರೆ ಕೆಎ ಥರ ರಾಜ್ಯದ ಅಕ್ಷರದ ಬದ್ಲು ಬಿಎಚ್ (ಭಾರತ್) ಅಂತ ಇರೋ ನಂಬರ್, 2021ರಲ್ಲಿ ಬಂದಿದ್ದು, ಟ್ರಾನ್ಸ್‌ಫರ್ ಆಗ್ತಾ ಇರೋ ಕೆಲಸದೋರಿಗೆ ಒಳ್ಳೇದು, ರಾಜ್ಯ ಬದ್ಲಾದ್ರೂ ನಂಬರ್ ಬದ್ಲಾಯಿಸೋ ತಲೆನೋವಿಲ್ಲ.