ಬೆಳಕು ತಗ್ಗಿಸುವುದೇ ಬೇರೆ, ಪದರ ಕರಗಿಸುವುದೇ ಬೇರೆ

ಜಾತ್ರೆಯ ಆರ್ಕೆಸ್ಟ್ರಾ ನಡೆದಿದೆ. ಗಾಯಕಿಯ ಬೆನ್ನ ಹಿಂದಿನ ಎಲ್‌ಇಡಿ ಪರದೆ ಕಣ್ಣು ಕುಕ್ಕುತ್ತಿದೆ, ಅವರ ಮುಖ ಮಾತ್ರ ಕತ್ತಲು. ಪರದೆಯ ವಿಡಿಯೊ ನಡೆಸುವ ನೀವು ಗಾಬರಿಯಲ್ಲಿ, ಒಂದರ ಮೇಲೊಂದಿರುವ ವಿಡಿಯೊ ಪದರಗಳಲ್ಲಿ (ಲೇಯರ್) ಮೇಲಿನದರ ಫೇಡರ್, ಅಂದರೆ ಜಾರುಗುಂಡಿ, ಇಳಿಸುತ್ತೀರಿ. ಪರದೆ ಮಂದವಾಗುವುದಿಲ್ಲ, ಅಡಿಯಲ್ಲಿದ್ದ ಇನ್ನೊಂದು ವಿಡಿಯೊ ಇಣುಕುತ್ತದೆ! ಬ್ರೈಟ್‌ನೆಸ್ ಇಳಿಸುವುದೆಂದರೆ ದೀಪದ ಬತ್ತಿ ತಗ್ಗಿಸಿದಂತೆ. ಒಪಾಸಿಟಿ (ಹಿಂದಿನದನ್ನು ಮರೆಮಾಡುವ ಗುಣ) ಇಳಿಸುವುದೆಂದರೆ ಅಡ್ಡ ಹಿಡಿದ ಬಟ್ಟೆ ತೆಳುವಾದಂತೆ.

ವೇದಿಕೆಯ ಪರದೆಗೆ ನೇರವಾಗಿ ವಿಡಿಯೊ ಬೆರೆಸಿ ಕಳಿಸುವ ರೆಸೊಲ್ಯೂಮ್ ತಂತ್ರಾಂಶದಲ್ಲಿ ಇದನ್ನು ಮಾಡಿ ನೋಡೋಣ.

ಮೊದಲು ಕೆಳಗಿನ ಪದರದಲ್ಲಿ ಹಿನ್ನೆಲೆ ವಿಡಿಯೊ, ಮೇಲಿನದರಲ್ಲಿ ಕ್ಯಾಮೆರಾ ದೃಶ್ಯ ಇಡಿ. ಪ್ರತಿ ಪದರದ ಪಕ್ಕದಲ್ಲೂ ಫೇಡರ್‌ಗಳಿವೆ: ‘ಎ’ ಧ್ವನಿಗೆ, ‘ವಿ’ ದೃಶ್ಯದ ಒಪಾಸಿಟಿಗೆ, ‘ಎಂ’ ಎರಡಕ್ಕೂ. ಹಾಡಿನ ಧ್ವನಿಯೂ ಇದೇ ಕಂಪ್ಯೂಟರಿನಿಂದ ಹೋಗುತ್ತಿದ್ದರೆ ‘ಎಂ’ ಮುಟ್ಟಬೇಡಿ.

ಮೇಲಿನ ಪದರದ ‘ವಿ’ ನಿಧಾನವಾಗಿ ಇಳಿಸಿ. ಬ್ಲೆಂಡ್ ಮೋಡ್ (ಮೇಲಿನ ಪದರ ಕೆಳಗಿನದರೊಡನೆ ಬೆರೆಯುವ ಬಗೆ) ‘ಆಲ್ಫಾ’ ಆಗಿದ್ದರೆ ಒಂದು ಚಿತ್ರ ಇನ್ನೊಂದರೊಳಗೆ ಕರಗುವುದು ಕಾಣುತ್ತದೆ. ‘ಆ್ಯಡ್’ ಮೋಡ್‌ನಲ್ಲಿ ಎರಡೂ ಚಿತ್ರಗಳ ಬೆಳಕು ಕೂಡುತ್ತದೆ, ಕಪ್ಪು ಭಾಗ ಏನನ್ನೂ ಕೂಡಿಸುವುದಿಲ್ಲ. ಆದ್ದರಿಂದ ಅಲ್ಲಿ ಬ್ರೈಟ್‌ನೆಸ್ ಇಳಿಸಿದರೂ ಪದರ ಕರಗಿದಂತೆಯೇ ಕಾಣುತ್ತದೆ. ಹೊಸಬರು ಎಡವುವುದು ಇಲ್ಲೇ.

ಒಂದೇ ಚಿತ್ರವನ್ನು ಮಂದ ಮಾಡಬೇಕೆಂದರೆ ಬ್ರೈಟ್‌ನೆಸ್ ಎಫೆಕ್ಟನ್ನು ಎಳೆದು ಆ ಕ್ಲಿಪ್ ಮೇಲೆ ಹಾಕಿ. ಪದರದ ಮೇಲೆ ಹಾಕಿದರೆ ಅಲ್ಲಿ ಓಡುವ ಎಲ್ಲ ಕ್ಲಿಪ್‌ಗಳಿಗೂ ತಗಲುತ್ತದೆ. ಇಡೀ ಪರದೆಗೆ ಕಾಂಪೊಸಿಷನ್ ಮಾಸ್ಟರ್ ಇದೆ, ಎಲ್ಲ ಪದರಗಳಿಗೂ ಸೇರಿ ಒಂದೇ ಫೇಡರ್.

ಆದರೆ ಪರದೆ ಸಂಜೆಯಿಡೀ ಮಂದವಾಗಿಯೇ ಇರಬೇಕಾದರೆ ತಂತ್ರಾಂಶದಲ್ಲಿ ಇಳಿಸುವುದು ತಪ್ಪು. 8 ಬಿಟ್ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೆ ಬೆಳಕಿನ 256 ಮೆಟ್ಟಿಲು. ಬೆಳಕನ್ನು ಅರ್ಧಕ್ಕಿಳಿಸಿದರೆ ಉಳಿಯುವುದು ಸುಮಾರು 128. ಮುಸ್ಸಂಜೆಯ ಆಕಾಶದಂಥ ದೃಶ್ಯದಲ್ಲಿ ನುಣುಪು ಹೋಗಿ ಪಟ್ಟೆಪಟ್ಟೆ ಎದ್ದು ಕಾಣುತ್ತದೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಂಪ್ಯೂಟರಿನ ಚಿತ್ರವನ್ನು ಪರದೆಗೆ ದಾಟಿಸುವ ಪೆಟ್ಟಿಗೆಯಾದ ಎಲ್‌ಇಡಿ ಪ್ರೊಸೆಸರ್‌ನಲ್ಲೇ ಬ್ರೈಟ್‌ನೆಸ್ ತಗ್ಗಿಸಿ. ತಂತ್ರಾಂಶದ ಮಾಸ್ಟರ್ ಪೂರ್ತಿ ಮೇಲಿರಲಿ.

ಮೌಸ್ ಹಿಡಿದು ಫೇಡ್ ಮಾಡಿದರೆ ಕೈ ನಡುಗುವುದು ಪರದೆಯ ಮೇಲೂ ಕಾಣುತ್ತದೆ. ಚಿಕ್ಕ ಮಿಡಿ ಕಂಟ್ರೋಲರ್ (ಕಂಪ್ಯೂಟರಿಗೆ ಜೋಡಿಸುವ ಫೇಡರ್‌ಗಳ ಪೆಟ್ಟಿಗೆ) ಇದ್ದರೆ ಕೀಬೋರ್ಡಿನ ಕಂಟ್ರೋಲ್, ಶಿಫ್ಟ್, ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ವಿ’ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲರಿನ ಫೇಡರ್ ಜರುಗಿಸಿ. ಎರಡಕ್ಕೂ ನಂಟು ಬೀಳುತ್ತದೆ.

ಕೊನೆಯದು, ತಾಲೀಮಿನ ಹೊತ್ತಿನ ಕೆಲಸ. ವೇದಿಕೆಯ ದೀಪ ಹಚ್ಚಿಸಿ, ಮೈಕಿನ ಮುಂದೆ ಒಬ್ಬರನ್ನು ನಿಲ್ಲಿಸಿ, ನೀವು ಕೊನೆಯ ಸಾಲಿನ ಕುರ್ಚಿಗೆ ಹೋಗಿ ಕೂರಿ. ಅವರ ಕಣ್ಣು, ತುಟಿ ಸ್ಪಷ್ಟವಾಗಿ ಕಾಣುವವರೆಗೂ ಪ್ರೊಸೆಸರ್‌ನ ಬೆಳಕು ಇಳಿಸಲು ಹೇಳಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ.