ಬೆಣ್ಣೆಹಣ್ಣಿನ ಕಸಿ ಕೈಕೊಡುವುದು ಎಲ್ಲಿ?

ಪುಣೆಯ ಬಾಲ್ಕನಿಯಲ್ಲಿ ಬೆಣ್ಣೆಹಣ್ಣಿನ ಬೀಜ ಮೊಳೆಸಿದವರೇ, ಹಾಗೇ ಬಿಟ್ಟರೆ ಕಾಯಿಗೆ ಏಳೆಂಟು ವರ್ಷ ಕಾಯಬೇಕು, ತಾಯಿಮರದ ಗುಣ ಬರುವ ಖಾತ್ರಿಯೂ ಇಲ್ಲ. ಫೆಬ್ರವರಿಯಲ್ಲೇ ಕಸಿ ಕಟ್ಟಿ, ಅಂದರೆ ಒಳ್ಳೆಯ ಹಣ್ಣು ಬಿಡುವ ಮರದ ಕಡ್ಡಿಯನ್ನು ಸಸಿಗೆ ಕೂಡಿಸಿ. ಏಪ್ರಿಲ್ ಬಿಸಿಲಿಗೆ ಕಡ್ಡಿ ಒಣಗುತ್ತದೆ.

ಕಾಂಡ ಪೆನ್ಸಿಲ್ ದಪ್ಪವಾದಾಗ ಮಣ್ಣಿಂದ 6–8 ಇಂಚು ಮೇಲೆ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ. ಅಷ್ಟೇ ದಪ್ಪದ 4 ಇಂಚಿನ ಕಡ್ಡಿ ಬೇಕು: ಮೊಗ್ಗು ಉಬ್ಬಿರಬೇಕು, ಬಿಚ್ಚಿರಬಾರದು. ಎಲೆ ಸವರಿ, ಬುಡ ಬೆಣೆಯಂತೆ ಹೆರೆದು ತಡಮಾಡದೆ ಸೀಳಿನೊಳಗೆ ಇಳಿಸಿ. ಎರಡರ ಸಿಪ್ಪೆಯಡಿಯ ಹಸಿರು ಪದರ ಒಂದು ಬದಿಯಲ್ಲಾದರೂ ಕೂಡಲೇಬೇಕು. ಹೆಚ್ಚಿನ ಕಸಿ ಸೋಲುವುದು ಇಲ್ಲೇ. ಟೇಪು ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿಯ ಉದ್ದನೆಯ ಪ್ಲಾಸ್ಟಿಕ್ ಕವರ್ ತೊಡಿಸಿ ನೆರಳಲ್ಲಿಡಿ. 3–5 ವಾರಕ್ಕೆ ಚಿಗುರು. ಕಸಿಯ ಕೆಳಗೆ ಹೊರಟದ್ದನ್ನು ಚಿವುಟಿ.

ಮಳೆ ಶುರುವಾದರೆ ಕುಂಡದಡಿಯ ತಟ್ಟೆ ತೆಗೆಯಿರಿ. ನೀರು ನಿಂತು ಬೇರು ಕೊಳೆತಾಗಲೂ ಎಲೆ ಬಾಡುತ್ತದೆ. ಬಾಯಾರಿದೆಯೆಂದು ಮತ್ತೆ ನೀರು ಸುರಿಯಬೇಡಿ.